ಸಾಹೇಬರ ‘ಆದರೆ’, ನನ್ನ ‘ಆದರೆ’

ಜನರನ್ನು ನೋಡುವುದಕ್ಕೆಂದೇ ಒಬ್ಬನಿಗೆ ಸಂಬಳ ಕೊಟ್ಟು ಕೂರಿಸಿದರೆ ಇಂಥವು ಆಗುತ್ತಲೇ ಇರುತ್ತವೆ, ಆಗದಿದ್ದರೇ ಆಶ್ಚರ್ಯ. ಎಪ್ಪತ್ತರ ದಶಕದ ಶುರುವಿನಲ್ಲಿ ನಾನು ಒಂದು ಕಡಲೆಕಾಯಿ ಮಂಡಿಗೆ ವಾಚರ್ ಆಗಿ ಸೇರಿದೆ. ವಾಚ್‌ಮನ್ ಅಲ್ಲ. ವಾಚ್‌ಮನ್ ಗೇಟು ಕಾಯುತ್ತಾನೆ, ನಾನು ಕಾಯುತ್ತಿದ್ದದ್ದು ಜನರನ್ನು. ಶಿರಾ, ಕೊರಟಗೆರೆ, ಮಧುಗಿರಿ, ಪಾವಗಡ, ನಾಲ್ಕೂ ಕಡೆ ನಮ್ಮ ಧಣಿಗಳ ಮಂಡಿ ಇತ್ತು. ನಾಲ್ಕೂ ಕಡೆ ಕೂತು ನೋಡಿದ್ದೇನೆ. ನಮ್ಮಪ್ಪ ಬುಕ್ಕಾಪಟ್ಟಣದ ಕಡೆ ಕುರಿ ಕಾಯುತ್ತಿದ್ದವನು. ಸುಮ್ಮನೆ ಕೂತು ನೋಡುವುದು ನಮ್ಮ ಮನೆತನದ ಕಸುಬು.

ನೋಡುವುದು ನನ್ನ ಕೆಲಸ. ನೋಡಿದ್ದಕ್ಕೆ ಅರ್ಥ ಹೇಳುವುದು ಮ್ಯಾನೇಜರ್ ಸಾಹೇಬರ ಕೆಲಸ. ಅವರು ಯಾವುದೋ ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡಿ ನಿವೃತ್ತರಾಗಿ ಬಂದವರು. ಮನುಷ್ಯನ ನಡವಳಿಕೆಯನ್ನೆಲ್ಲ ಸೂತ್ರದಲ್ಲಿ ಹಿಡಿಯಬಹುದೆಂದು ಅವರ ನಂಬಿಕೆ. ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು: ‘ಕೂಲಿಯಾಳು ಗೋಡೆಯ ಕಡೆ ಮುಖ ಮಾಡಿದ್ದು ಹೌದಾದರೆ, ಮತ್ತು ಬೆನ್ನು ಬಗ್ಗಿದ್ದು ಹೌದಾದರೆ, ಅವನು ಏನನ್ನೋ ಬಚ್ಚಿಡುತ್ತಿದ್ದಾನೆ.’ ಹೀಗೆ ಎಲ್ಲಕ್ಕೂ ‘ಆದರೆ’, ‘ಆದರೆ’. ಹಾಗಾಗಿ ಮಂಡಿಯಲ್ಲಿ ಅವರಿಗೆ ‘ಆದರೆ ಸಾಹೇಬರು’ ಅಂತಲೇ ಹೆಸರು. ನನ್ನ ಬಾಯಲ್ಲೂ ಒಂದು ‘ಆದರೆ’ ಇತ್ತು. “ನೀವು ಹೇಳೋದು ಸರಿ ಸ್ವಾಮಿ, ಆದರೆ...” ಅವರದು ಷರತ್ತಿನ ಆದರೆ, ನನ್ನದು ತಕರಾರಿನ ಆದರೆ. ಹದಿನೈದು ವರ್ಷ ಎರಡಕ್ಕೂ ಹೊಂದಾಣಿಕೆ ಆಗಲಿಲ್ಲ.

ಇದರಲ್ಲಿ ತಮಾಷೆ ಅಲ್ಲದ ಸಂಗತಿ ಒಂದಿತ್ತು. ಸಾಹೇಬರು ಬರೆದ ರಿಪೋರ್ಟಿನ ಕೆಳಗೆ ‘ನಾನು ಕಣ್ಣಾರೆ ಕಂಡೆ’ ಎಂದು ನನ್ನ ಸಹಿ ಬೀಳಬೇಕಿತ್ತು. ಸಹಿ ಬಿದ್ದರೆ ಆ ಆಳಿನ ಕೆಲಸ ಅವತ್ತೇ ಹೋಗುತ್ತಿತ್ತು. ಬೀಳದಿದ್ದರೆ ನನ್ನದು ಹೋಗಬಹುದು ಅಂತ ಸಾಹೇಬರು ಆಗಾಗ ಜ್ಞಾಪಿಸುತ್ತಿದ್ದರು. ಹೋದರೆ ಹೋಗಲಿ, ಕಾಣದ್ದನ್ನು ಕಂಡೆ ಅಂತ ಬರೆಯುವ ಪೈಕಿ ನಾನಲ್ಲ.

೧. ಟವೆಲ್ಲಿನ ಕೆಳಗಿನ ಸಂಚು

ಶಿರಾದ ಮಂಡಿಯಲ್ಲಿ ನನಗೆ ಆಳೆತ್ತರದ ಒಂದು ಸ್ಟೂಲು, ಒಂದು ಪೀಪಿ. ಮೇಲೆ ಕೂತರೆ ಅಂಗಳವೆಲ್ಲ ಕಾಣುತ್ತಿತ್ತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹುಣಸೇಮರದ ಕೆಳಗೆ ಇಬ್ಬರು ಹಮಾಲರು ಎದುರುಬದುರು ನಿಲ್ಲುತ್ತಿದ್ದರು. ಒಬ್ಬರಿಗೊಬ್ಬರು ಕೈ ಕೊಟ್ಟು, ಕೈಮೇಲೆ ಟವೆಲ್ ಹೊದಿಸಿ, ತುಟಿ ಪಿಟಕ್ಕೆನ್ನದೆ ನಿಂತಿರುತ್ತಿದ್ದರು. ಒಬ್ಬ ತಲೆ ಅಲ್ಲಾಡಿಸುತ್ತಿದ್ದ. ಇನ್ನೊಬ್ಬ ಆಕಾಶ ನೋಡುತ್ತಿದ್ದ. ಆಮೇಲೆ ಬೇರೆ ಬೇರೆ ದಿಕ್ಕಿಗೆ ಹೋಗುತ್ತಿದ್ದರು.

ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಸಾಹೇಬರು ಸೂತ್ರದ ಪುಸ್ತಕ ತೆಗೆದರು. “ಇಬ್ಬರು ಹತ್ತಿರ ಬಂದದ್ದು ಹೌದು. ಮಾತಿಲ್ಲದ್ದು ಹೌದು. ಕೈ ಮುಚ್ಚಿದ್ದು ಹೌದು. ಅಗಲಿದ್ದು ಹೌದು. ಹಾಗಾದರೆ ಇದು ಮಾಲು ಸಾಗಿಸುವ ಒಳಸಂಚು. ಸಹಿ ಹಾಕು.”

“ಸರಿ ಸ್ವಾಮಿ, ಆದರೆ ಅವರು ಟಗರಿನ ವ್ಯಾಪಾರ ಮಾಡ್ತಿದಾರೆ. ದರ ಯಾರಿಗೂ ತಿಳೀಬಾರದು ಅಂತ ಟವೆಲ್ ಒಳಗೆ ಬೆರಳು ಹಿಡಿದು ಹೇಳ್ಕೋತಾರೆ. ಕುರಿ ಸಂತೇಲಿ ಎಲ್ಲಾರೂ ಮಾಡೋದೇ.”

“ಟಗರು ಎಲ್ಲಿದೆ? ನಿನಗೆ ಕಾಣಿಸ್ತಾ?”

“ಟಗರು ಮನೇಲಿರುತ್ತೆ ಸ್ವಾಮಿ.”

“ಕಾಣದ್ದು ಸೂತ್ರಕ್ಕೆ ಬರೋದಿಲ್ಲ,” ಎಂದು ಸಾಹೇಬರು ಮಾಲು ಸಮೇತ ಹಿಡಿಯಲು ತಾವೇ ಹೊರಟರು. ಬೆಕ್ಕಿನ ಹಾಗೆ ಹಿಂದಿನಿಂದ ಹೋಗಿ ಟವೆಲ್ಲಿನೊಳಕ್ಕೆ ಕೈ ಹಾಕಿಯೇಬಿಟ್ಟರು. ಇಬ್ಬರು ಹಮಾಲರಲ್ಲಿ ಟಗರಿನ ಒಡೆಯನಾದವನು ಅನುಭವಸ್ಥ. ಒಳಗೆ ಬಂದ ಹೊಸ ಕೈಯನ್ನು ಗಬಕ್ಕನೆ ಹಿಡಿದು ಬೆರಳು ಅದುಮಿದ. ಸಾಹೇಬರು ಬಿಡಿಸಿಕೊಳ್ಳಲು ಬೆರಳು ಅಲ್ಲಾಡಿಸಿದರು. ಅಲ್ಲಾಡಿಸಿದಷ್ಟೂ ದರ ಏರಿತು. ಕೊನೆಗೆ ಐದೂ ಬೆರಳು ಬಿಡಿಸಿ ಕೊಸರಿದಾಗ ಒಡೆಯನ ಮುಖ ಅರಳಿತು.

“ಸೌದಾ ಪಕ್ಕಾ, ಸಾಬ್! ಬೋಹೊತ್ ಅಚ್ಛಾ ಜಾನ್ವರ್!” ಅಂತ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಆ ದರಕ್ಕೆ ಎರಡು ಟಗರು ಬರುತ್ತಿದ್ದವಂತೆ. ಟವೆಲ್ ಒಳಗೆ ಒಪ್ಪಿದ ಮೇಲೆ ಹಿಂದೆ ಸರಿಯುವ ಹಾಗಿಲ್ಲ, ಸರಿದರೆ ಶಿರಾ ಸಂತೆಯಲ್ಲಿ ತಲೆ ಎತ್ತುವ ಹಾಗಿಲ್ಲ. ಸಾಯಂಕಾಲ ಸಾಹೇಬರ ಜೀಪಿನ ಹಿಂದಿನ ಸೀಟಿನಲ್ಲಿ ಟಗರು ಗಂಭೀರವಾಗಿ ಕೂತು ಹೋಯಿತು.

ಇಬ್ಬರೂ ಹಮಾಲರ ಕೆಲಸ ಉಳಿಯಿತು. ಮುಂದಿನ ವಾರ ಪುಸ್ತಕದಲ್ಲಿ ಆ ಸೂತ್ರ ಹೊಡೆದುಹಾಕಿ ಕೆಳಗೆ ಬರೆದಿತ್ತು: ‘ಟವೆಲ್ ಇದ್ದದ್ದು ಹೌದಾದರೆ, ಕೈ ಹಾಕತಕ್ಕದ್ದಲ್ಲ.’

೨. ಆ ಕಲ್ಲು ನಾನೇ

ಕೊರಟಗೆರೆಯಲ್ಲಿ ಸುಗ್ಗಿ ಕಾಲಕ್ಕೆ ರೈತರು ಕಾಯಿ ತೂಗಿಸಲು ಬೆಳಕು ಹರಿಯುವ ಮುಂಚೆಯೇ ಬಂದು ಸಾಲು ನಿಲ್ಲುತ್ತಿದ್ದರು. ನಿಲ್ಲುತ್ತಿದ್ದರು ಅಂದರೆ ಅವರೇ ಅಲ್ಲ. ತಮ್ಮ ಜಾಗದಲ್ಲಿ ಏನಾದರೊಂದು ಇಟ್ಟು ಟೀ ಕುಡಿಯಲು ಹೋಗುತ್ತಿದ್ದರು. ಒಂದು ಎಕ್ಕಡ, ಒಂದು ಬಾರುಕೋಲು, ಒಂದು ತಗಡಿನ ಡಬ್ಬ, ಒಂದು ಕಲ್ಲು, ಕಾಲು ಕಟ್ಟಿದ ಒಂದು ಕೋಳಿ. ಆ ಸಾಲನ್ನು ಯಾರೂ ಮುಟ್ಟುತ್ತಿರಲಿಲ್ಲ. ಮನುಷ್ಯರು ನಿಂತ ಸಾಲಿಗಿಂತ ಅದು ಶಿಸ್ತಾಗಿರುತ್ತಿತ್ತು.

ಸಾಹೇಬರ ಹೊಸ ಸೂತ್ರ ಹೀಗಿತ್ತು: ‘ವಸ್ತುವಿನೊಂದಿಗೆ ಬಂದವನು ವಸ್ತುವಿಲ್ಲದೆ ಹೋದದ್ದು ಹೌದಾದರೆ, ಆ ವಸ್ತು ಸಂಶಯಾಸ್ಪದ.’ ಅವತ್ತು ಬೆಳಿಗ್ಗೆ ಬಂದವರೇ ಸಾಲನ್ನು ನೋಡಿ ಹೌಹಾರಿದರು.

“ಹನ್ನೆರಡು ಸಂಶಯಾಸ್ಪದ ವಸ್ತುಗಳು! ನೀನು ಸ್ಟೂಲಿನ ಮೇಲೆ ಕೂತು ಏನು ನೋಡ್ತಿದ್ದೆ?”

“ಸಾಲು ನೋಡ್ತಿದ್ದೆ ಸ್ವಾಮಿ.”

“ಸಾಲಿನಲ್ಲಿ ಜನ ಎಲ್ಲಿ?”

“ಜನ ಹೋಟ್ಲಲ್ಲಿ.”

ನಾನು ಬೇಡ ಬೇಡ ಅಂದರೂ ಎಲ್ಲವನ್ನೂ ಆಫೀಸಿಗೆ ಹೊರಿಸಿ ಮೇಜಿನ ಮೇಲೆ, ಕೆಳಗೆ, ಬೀರುವಿಗೆ ಒರಗಿಸಿದ್ದ ತಮ್ಮ ಛತ್ರಿಯ ಪಕ್ಕ ಇಡಿಸಿದರು. ವಶಪಡಿಸಿಕೊಂಡ ರಿಪೋರ್ಟಿಗೆ ಸಹಿ ಕೇಳಿದರು. ಈ ಸಲ ಹೋಗುವುದು ಹನ್ನೆರಡು ಮಂದಿ ರೈತರ ತೂಕದ ಚೀಟಿ. ಚೀಟಿ ಹೋದರೆ ಕಾಯಿ ಹೇರಿದ ಗಾಡಿ ಹಾಗೇ ವಾಪಸು ಹೊಡೆದುಕೊಂಡು ಹೋಗಬೇಕು. ನಾನು ಪೆನ್ನನ್ನು ಮುಟ್ಟಲೇ ಇಲ್ಲ.

ಅಷ್ಟರಲ್ಲಿ ರೈತರು ಬಂದರು. ಸಾಲು ಇಲ್ಲ. ಎಲ್ಲರಿಗಿಂತ ಮುಂದೆ ನುಗ್ಗಿದ ಒಂದು ಮುದುಕಿ ಸಾಹೇಬರ ಮೇಜಿನ ಮುಂದೆ ಸೊಂಟದ ಮೇಲೆ ಕೈ ಇಟ್ಟು ನಿಂತಳು. “ನನ್ನ ಯಾಕಪ್ಪಾ ಎತ್ಕೊಂಡ್ ಬಂದ್ಬುಟ್ಟೆ?”

“ನಿಮ್ಮನ್ನ ಯಾರಮ್ಮಾ ಎತ್ಕೊಂಡ್ ಬಂದರು?”

“ಅಗಾ, ಆ ಕಲ್ಲು. ಆ ಕಲ್ಲು ನಾನೇ ಕಣಪ್ಪಾ. ನಾಕನೇದಾಗಿ ನಿಂತಿದ್ದೆ.”

ಉಳಿದ ಹನ್ನೊಂದು ಮಂದಿಯೂ ಒಳಗೆ ಬಂದು ತಮ್ಮ ತಮ್ಮ ವಸ್ತುವಿನ ಪಕ್ಕ ನಿಂತರು. ತಕ್ಕಡಿ ಅಂಗಳದಲ್ಲಿದೆ, ಸಾಲು ಆಫೀಸಿನಲ್ಲಿದೆ. ಇಲ್ಲಿಂದಲೇ ಹೊರಟು ತಕ್ಕಡಿಯವರೆಗೆ ಹೋಗುವುದೆಂದು ತೀರ್ಮಾನವಾಯಿತು. ಸಾಹೇಬರು ರೇಗಿ, “ದಾರಿ ಬಿಡ್ರಯ್ಯಾ, ನಾನು ಹೊರಗೆ ಹೋಗಬೇಕು” ಎಂದು ಎದ್ದರು. ಬಾಗಿಲಲ್ಲಿದ್ದ ರೈತ ಅಡ್ಡ ಕೈ ಹಿಡಿದ.

“ಅದೆಂಗಾಯ್ತದೆ ಸ್ವಾಮಿ? ನಿಮ್ ಛತ್ರಿ ಬೀರು ತಾವ ಐತೆ. ಕೋಳಿ ಆದ್ಮೇಲೆ ನೀವು.”

೩. ಮಾತಿಲ್ಲದ ಸ್ನೇಹಿತರು

ಎಂಬತ್ತರ ದಶಕದಲ್ಲಿ ಧಣಿಗಳ ಅಳಿಯ ಬೊಂಬಾಯಿಯಿಂದ ಒಂದು ಕ್ಯಾಮೆರಾ, ಒಂದು ಟಿವಿ ತಂದುಕೊಟ್ಟ. ಮಧುಗಿರಿಯ ಮಂಡಿಯಲ್ಲಿ ಅದನ್ನು ಕಂಬಕ್ಕೆ ಕಟ್ಟಿದರು. ನನ್ನ ಸ್ಟೂಲು ಹೋಗಿ ಕುರ್ಚಿ ಬಂತು. ಕಪ್ಪು ಬಿಳುಪು ಚಿತ್ರ, ಸದ್ದಿಲ್ಲ, ಮನುಷ್ಯರು ಬೆರಳುದ್ದ. ಸಾಹೇಬರಿಗೆ ಹಬ್ಬ. “ಇನ್ನು ನಿನ್ನ ಆದರೆ ನಡೆಯೋದಿಲ್ಲ. ಯಂತ್ರ ಸುಳ್ಳು ಹೇಳೋದಿಲ್ಲ” ಅಂದರು. ಯಂತ್ರ ಏನನ್ನೂ ಹೇಳುವುದಿಲ್ಲ, ಹೇಳುವವರು ನಾವು ಅಂತ ನಾನು ಅಂದದ್ದು ಅವರಿಗೆ ಹಿಡಿಸಲಿಲ್ಲ.

ಮೊದಲ ವಾರವೇ ಟಿವಿಯಲ್ಲಿ ಇಬ್ಬರು ಹೆಂಗಸರು ಕಾಣಿಸಿಕೊಂಡರು. ಕೈ ಬೀಸುತ್ತಿದ್ದಾರೆ, ಒಬ್ಬಳು ಇನ್ನೊಬ್ಬಳ ಸೆರಗು ಎಳೆಯುತ್ತಿದ್ದಾಳೆ, ಅವಳು ತಳ್ಳುತ್ತಿದ್ದಾಳೆ. “ಕೈ ವೇಗವಾಗಿ ಆಡಿದ್ದು ಹೌದು, ಬಟ್ಟೆ ಎಳೆದದ್ದು ಹೌದು. ಜಗಳ!” ಎಂದು ಸಾಹೇಬರು ನನ್ನ ಪೀಪಿ ಕಿತ್ತುಕೊಂಡು ಓಡಿದರು. ನಾನೂ ಹಿಂದೆ ಓಡಿದೆ. ಹೋಗಿ ನೋಡಿದರೆ ಕೊಡಿಗೇನಹಳ್ಳಿಯ ಬೀಗಿತಿ ಈ ಕಡೆಯ ಬೀಗಿತಿಯ ಮಡಿಲಿಗೆ ಅವರೆಕಾಯಿ ತುಂಬುತ್ತಿದ್ದಾಳೆ. “ತಗಳೇ, ನಮ್ ಹೊಲದ್ದು!” “ಬ್ಯಾಡ ಬುಡೇ, ಹೋದ್ ಸಲಿದೇ ಐತೆ!” ಇಬ್ಬರ ಕಣ್ಣಲ್ಲೂ ಪ್ರೀತಿಯ ನೀರು.

ಆದರೂ ಸೂತ್ರ ಸೂತ್ರವೇ ಎಂದು ಸಾಹೇಬರು ಇಬ್ಬರನ್ನೂ ಬೇರೆ ಬೇರೆ ಶೆಡ್ಡಿಗೆ ಹಾಕಿದರು. ಅದೇ ಬಿಸಿಯಲ್ಲಿ, ಟಿವಿಯಲ್ಲಿ ದಿನವೂ ಮೊಳದಂತರದಲ್ಲಿ ಕೂತು ಶಾಂತವಾಗಿ ಚೀಲ ಹೊಲಿಯುತ್ತಿದ್ದ ಇಬ್ಬರು ಗಂಡಸರನ್ನು ತೋರಿಸಿ, “ನೋಡು, ಆದರ್ಶ ಸ್ನೇಹ. ಇವರಿಬ್ಬರನ್ನೂ ಒಂದೇ ಗಾಡಿಗೆ ಮೂಟೆ ಹೇರೋಕೆ ಹಾಕು” ಅಂದರು.

“ಸರಿ ಸ್ವಾಮಿ, ಆದರೆ...”

“ಆದರೆ ಗೀದರೆ ಇಲ್ಲ!”

ಹಾಕಿದೆ. ಹತ್ತು ನಿಮಿಷಕ್ಕೆ ಗಾಡಿಯ ಮೇಲಿಂದ ಇಬ್ಬರೂ ಒಬ್ಬರ ಜುಟ್ಟು ಒಬ್ಬರು ಹಿಡಿದುಕೊಂಡೇ ಕೆಳಗೆ ಬಿದ್ದರು. ಒಡಹುಟ್ಟಿದ ಅಣ್ಣತಮ್ಮಂದಿರು. ಹೊಲದ ಬದುವಿನ ವಿಷಯಕ್ಕೆ ಕೋರ್ಟಿಗೆ ಹೋದವರು. ಬಿಡಿಸಿದ ಮೇಲೆ ಸಾಹೇಬರು ಏದುಸಿರು ಬಿಡುತ್ತಾ ಕೇಳಿದರು: “ಇಷ್ಟು ದಿನ ಪಕ್ಕಪಕ್ಕ ಕೂತು ಎಷ್ಟು ಚೆನ್ನಾಗಿದ್ದಿರಲ್ಲಯ್ಯಾ?”

ಕಿರಿಯವನು ಮೂಗಿನ ರಕ್ತ ಒರೆಸಿಕೊಂಡು ಹೇಳಿದ: “ಆಗ ಮಾತಿರ್ಲಿಲ್ಲ ಕಣ್ ಸ್ವಾಮಿ. ಇಬ್ರೂ ಸೇರಿ ಮೂಟೆ ಎತ್ಬೇಕು ಅಂದ್ರೆ ಮಾತಾಡ್ಬೇಕಲ್ಲ.”

೪. ನೋಡುವವನನ್ನು ನೋಡಿದರೆ

ಒಂದು ದಿನ ಸಾಹೇಬರಿಗೆ ನನ್ನ ಮೇಲೇ ಅನುಮಾನ ಬಂತು. ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿ, ಟಿವಿಯನ್ನು ತಮ್ಮ ರೂಮಿಗೆ ಒಯ್ದು ಕೂತರು. ನಾನು ಎದುರಿನ ಖಾಲಿ ಮೇಜನ್ನೇ ನೋಡುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಕರೆ ಬಂತು.

“ಹತ್ತು ನಿಮಿಷ ಅಲುಗಾಡಿಲ್ಲ. ಸೂತ್ರದ ಪ್ರಕಾರ ನೀನು ನಿದ್ದೆ ಮಾಡ್ತಿದ್ದೆ.”

ವಾಪಸು ಹೋಗಿ ಕೈ ಆಡಿಸುತ್ತಾ ಕೂತೆ. ಮತ್ತೆ ಕರೆ. “ಕಾರಣವಿಲ್ಲದೆ ಅಲುಗಾಡ್ತಿದ್ದೀಯ. ಸಂಶಯಾಸ್ಪದ.”

“ಹಾಗಾದರೆ ಏನು ಮಾಡಲಿ ಸ್ವಾಮಿ?”

“ಸಹಜವಾಗಿರು!”

ಅವತ್ತು ನಾನು ಎದ್ದು ಮನೆಗೆ ಹೋಗಿ ಊಟ ಮಾಡಿ ಮಲಗಿದೆ. ಅದಕ್ಕಿಂತ ಸಹಜವಾದದ್ದು ನನಗೆ ತೋಚಲಿಲ್ಲ.

೫. ಹಿಂದಕ್ಕೆ ನಡೆದ ಸಾಕ್ಷಿ

ಮನೆಗೆ ಹೋಗಿ ಮಲಗಿದ ತಪ್ಪಿಗೆ ನನ್ನನ್ನು ಪಾವಗಡದ ಮಂಡಿಗೆ ಹಾಕಿದರು. ಕ್ಯಾಮೆರಾವೂ ನನ್ನ ಹಿಂದೆಯೇ ಬಂತು, ಜೊತೆಗೆ ಕ್ಯಾಸೆಟ್ಟಿನಲ್ಲಿ ಚಿತ್ರ ಹಿಡಿದಿಡುವ ಒಂದು ಪೆಟ್ಟಿಗೆ. ಅದನ್ನು ನಡೆಸಲು ಕಲಿತವನು ನಾನೊಬ್ಬನೇ.

ಅಲ್ಲಿ ಕಾಯಿ ರಾಶಿ ಹಸನು ಮಾಡುವ ಹೆಂಗಸರಲ್ಲಿ ನಾಗಲಮಡಿಕೆ ಕಡೆಯ ಒಬ್ಬಾಕೆ ಇದ್ದಳು. ಎಲ್ಲರೂ ಅವಳನ್ನು ತೆಲುಗಿನಲ್ಲಿ ಪೆದ್ದಮ್ಮ, ಅಂದರೆ ದೊಡ್ಡಮ್ಮ, ಅನ್ನುತ್ತಿದ್ದರು. ಅರ್ಧ ತೆಲುಗು, ಅರ್ಧ ಕನ್ನಡ, ಹೆದರಿಕೆ ಮಾತ್ರ ಯಾವ ಭಾಷೆಯಲ್ಲೂ ಇಲ್ಲ. ರಾಶಿಯಲ್ಲಿ ಸಿಕ್ಕ ಕಲ್ಲು, ಹೆಂಟೆಗಳನ್ನು ಆಯ್ದು ಮಡಿಲಿಗೆ ಹಾಕಿಕೊಂಡು, ಮಡಿಲು ತುಂಬಿದಾಗ ಶೆಡ್ಡಿನ ಹಿಂದೆ ಸುರಿದು ಬರುತ್ತಿದ್ದಳು. ಕಲ್ಲು ಕಾಯಿ ಸುಲಿಯುವ ಮಿಶಿನ್ನಿಗೆ ಹೋದರೆ ಅದರ ಹಲ್ಲು ಮುರಿಯುತ್ತದೆ ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅವಳೇ ಕಂಡುಕೊಂಡದ್ದು. ನಾನು ಹತ್ತು ಸಲ ನೋಡಿದ್ದೇನೆ.

ಟಿವಿಯಲ್ಲಿ ಕಲ್ಲೂ ಒಂದೇ, ಕಾಯಿಯೂ ಒಂದೇ. ಸಾಹೇಬರು ಕ್ಯಾಸೆಟ್ಟಿನ ಕೊನೆಯಲ್ಲಿ ಪೆದ್ದಮ್ಮ ಇದ್ದ ಭಾಗವನ್ನಷ್ಟೇ ನೋಡಿ ಸೂತ್ರ ಓದಿದರು: “ಕೈ ರಾಶಿಯಿಂದ ಮಡಿಲಿಗೆ ಮೂರು ಸಲಕ್ಕಿಂತ ಹೆಚ್ಚು ಹೋದದ್ದು ಹೌದಾದರೆ, ಆಮೇಲೆ ಆಕೆ ಮರೆಯಾದದ್ದು ಹೌದಾದರೆ, ಕಳವು.”

ನಾನು ಶೆಡ್ಡಿನ ಹಿಂದಿನಿಂದ ಒಂದು ಬೊಗಸೆ ಕಲ್ಲು ತಂದು ಮೇಜಿನ ಮೇಲೆ ಸುರಿದೆ. “ಇದೇ ಸ್ವಾಮಿ ಆಕೆ ಕದ್ದದ್ದು.”

“ಕಲ್ಲು ಎಲ್ಲಿಂದಾದರೂ ತರಬಹುದು. ಸೂತ್ರದಲ್ಲಿ ಕಲ್ಲು ಇಲ್ಲ. ನಾಳೆ ಧಣಿಗಳು ಬರ್ತಾರೆ, ಅವರ ಮುಂದೆ ಕ್ಯಾಸೆಟ್ ಹಾಕಬೇಕು. ಅವಳನ್ನ ತೆಗೆಯೋ ಕಾಗದಕ್ಕೆ ನೀನು ಸಹಿ ಹಾಕಬೇಕು. ಇಲ್ಲದಿದ್ದರೆ ಇಬ್ಬರೂ ಒಟ್ಟಿಗೆ ಮನೆಗೆ ಹೋಗಿ.”

ಪೆದ್ದಮ್ಮನಿಗೆ ವಿಷಯ ಹೇಳಿದೆ. ಅವಳು ಕೂತಲ್ಲಿಂದ ಏಳಲಿಲ್ಲ, ಕಲ್ಲು ಆಯುವುದನ್ನೂ ನಿಲ್ಲಿಸಲಿಲ್ಲ.

“ಪನಿ ಪೋತೆ ಪೋನೀ ಸಾಮೀ, ಕೆಲ್ಸ ಹೋದ್ರೆ ಇನ್ನೊಂದ್ ಕಡೆ ಕೂಲಿ ಮಾಡ್ತೀನಿ. ದೊಂಗ ಅಂತ ಹೆಸ್ರು ಬಂದ್ಬುಟ್ರೆ? ಕಳ್ಳಿ ಅಂತ ಒಂದ್ಸಲ ಅಂದ್ರೆ ಯಾವ ರಾಶಿ ತಾವ ಕೂರುಸ್ಕೊಂತಾರೆ ನನ್ನ? ಸಚ್ಚಿಪೋಯೇ ವರೆಗೂ, ಸಾಯೋಗಂಟ ಅದೇ ಹೆಸ್ರು. ನಾನು ಬರ್ತೀನಿ. ನನ್ ಎದ್ರುಗೇ ಹಾಕು ಅದೇನು ಸಿನಿಮಾನೋ.”

ಹದಿನೈದು ವರ್ಷ ಜನರನ್ನು ನೋಡಿ ಬದುಕಿದವನು ನಾನು. ಅವತ್ತು ಮೊದಲ ಸಲ ಈ ಕಣ್ಣುಗಳ ಬಗ್ಗೆ ನಾಚಿಕೆ ಆಯಿತು.

ಮಾರನೇ ದಿನ ಧಣಿಗಳು ಬಂದರು. ವಯಸ್ಸಾದವರು, ಟಿವಿ ಮುಂದೆ ಕೂತು ಅಭ್ಯಾಸವಿಲ್ಲ. ಸಾಹೇಬರು ಎಲ್ಲ ಕೂಲಿಯವರನ್ನೂ ಕರೆಸಿ ಗೋಡೆಗೆ ನಿಲ್ಲಿಸಿದ್ದರು, ಬುದ್ಧಿ ಬರಲಿ ಅಂತ. ಪೆದ್ದಮ್ಮ ಎಲ್ಲರಿಗಿಂತ ಮುಂದೆ ಬಂದು ನೆಲದ ಮೇಲೆ ಕೂತಳು. ಕಾಗದ, ಪೆನ್ನು ಮೇಜಿನ ಮೇಲೆ ಸಿದ್ಧವಿದ್ದವು.

“ಮೊದಲಿಂದ ಹಾಕು,” ಅಂದರು ಸಾಹೇಬರು.

ಕ್ಯಾಸೆಟ್ಟು ಕೊನೆಗೆ ಬಂದು ನಿಂತಿತ್ತು. ಮೊದಲಿಂದ ಹಾಕಬೇಕಾದರೆ ಹಿಂದಕ್ಕೆ ಸುತ್ತಬೇಕು. ಸುತ್ತುವುದಕ್ಕೆ ಎರಡು ದಾರಿ ಇದ್ದವು. ಒಂದರಲ್ಲಿ ಚಿತ್ರ ಕಾಣದೆ ಸುತ್ತುತ್ತದೆ. ಇನ್ನೊಂದರಲ್ಲಿ ಚಿತ್ರ ಕಾಣುತ್ತಲೇ ಹಿಂದುಮುಂದಾಗಿ ಓಡುತ್ತದೆ. ನಾನು ಎರಡನೆಯದನ್ನು ಒತ್ತಿದೆ. ಕೈತಪ್ಪಿ ಅಲ್ಲ, ಬೇಕಂತಲೇ ಒತ್ತಿದೆ.

ಪರದೆಯ ಮೇಲೆ ಪೆದ್ದಮ್ಮ ಶೆಡ್ಡಿನ ಮರೆಯಿಂದ ಹಿಂದು ಹಿಂದಾಗಿ ಬಂದಳು. ರಾಶಿಯ ಮುಂದೆ ಕೂತಳು. ಮಡಿಲಿಗೆ ಕೈ ಹಾಕಿ ತೆಗೆದು ತೆಗೆದು ರಾಶಿಗೆ ಇಡತೊಡಗಿದಳು, ಬಲು ಚುರುಕಾಗಿ.

ಧಣಿಗಳು ಮುಂದಕ್ಕೆ ಬಗ್ಗಿದರು. “ಇದೇನ್ರೀ ಇದು? ಈಯಮ್ಮ ತನ್ ಮಡ್ಲಿಂದ ತೆಗ್ದು ನಮ್ ರಾಶಿಗೆ ಹಾಕ್ತಾವ್ಳೆ?”

“ಅದು ಹಿಂದಕ್ಕೆ ಹೋಗ್ತಾ ಇದೆ ಸರ್.”

“ಹಿಂದಕ್ಕೆಲ್ಲಿ ಹೋಯ್ತದೆ? ಮುಂದಕ್ಕೇ ಬತ್ತಾ ಐತಲ್ರೀ ರಾಶಿಗೆ!”

“ಸರ್, ತರ್ಕದ ಪ್ರಕಾರ ಇದನ್ನು ತಿರುವಿ ಅರ್ಥ ಮಾಡ್ಕೋಬೇಕು. ಲೋ, ನಿಲ್ಲಿಸೋ ಅದನ್ನ!”

“ಸೂತ್ರದಲ್ಲಿ ಹಿಂದೆ ಮುಂದೆ ಅಂತ ಎಲ್ಲೂ ಬರೆದಿಲ್ಲ ಸ್ವಾಮಿ,” ಅಂದೆ. ನಿಲ್ಲಿಸಲಿಲ್ಲ.

ಆಗ ಕ್ಯಾಮೆರಾದ ಎದುರಿಗೇ, ಪರದೆ ತುಂಬ, ಸಾಹೇಬರು ಬಂದರು. ಅವತ್ತು ಕ್ಯಾಮೆರಾ ಸರಿಯಾಗಿ ತಿರುಗಿದೆಯೋ ಇಲ್ಲವೋ ಅಂತ ನೋಡಲು ಬಂದು ಅಲ್ಲೇ ರಾಶಿಯ ಈಚೆ ತುದಿಯಲ್ಲಿ ಸುಮಾರು ಹೊತ್ತು ನಿಂತಿದ್ದರು. ಆಚೆ ತುದಿಯ ಪೆದ್ದಮ್ಮ ಬೆರಳುದ್ದ ಇದ್ದರೆ ಇವರ ಮೀಸೆಯ ಕೂದಲೂ ಎಣಿಸುವಷ್ಟು ಸ್ಪಷ್ಟ. ಅವರ ದವಡೆ ಆಡುತ್ತಿತ್ತು. ಬಾಯಿ ತೆರೆಯಿತು, ಒಳಗಿನಿಂದ ಒಂದು ಕಡಲೆಬೀಜ ಇಡಿಯಾಗಿ ಹೊರಗೆ ಬಂತು. ಹಿಂದೆಯೇ ಇನ್ನೊಂದು. ನೆಲದ ಮೇಲಿದ್ದ ಸಿಪ್ಪೆ ತಾನಾಗಿ ಎದ್ದು ಅವರ ಕೈಗೆ ಹಾರಿತು. ಬೀಜ ಎರಡೂ ಸಿಪ್ಪೆಯೊಳಗೆ ಕೂತು, ಸಿಪ್ಪೆ ಮುಚ್ಚಿಕೊಂಡು, ಕಾಯಿ ಹೊಲದಿಂದ ಬಂದಷ್ಟೇ ಚೆನ್ನಾಗಿ ಆಯಿತು. ಸಾಹೇಬರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಬಗ್ಗಿ ಅದನ್ನು ರಾಶಿಯಲ್ಲಿಟ್ಟರು. ಮತ್ತೆ ಬಾಯಿ ತೆರೆದರು. ಇನ್ನೊಂದು ಬೀಜ ಬಂತು.

ಎಷ್ಟು ಕಾಯಿ ವಾಪಸು ಬಂದವೋ ನಾನು ಲೆಕ್ಕ ಇಡಲಿಲ್ಲ. ಧಣಿಗಳು ಮಾತ್ರ ಒಂದೊಂದಕ್ಕೂ “ಹೂಂ” ಅನ್ನುತ್ತಿದ್ದರು. ಕೊನೆಗೆ ಮೇಜಿನ ಮೇಲಿದ್ದ ಕಾಗದ ತೆಗೆದುಕೊಂಡು ನನ್ನನ್ನು ಕೇಳಿದರು. “ಏನಪ್ಪಾ, ನೀನು ಕಣ್ಣಾರೆ ಕಂಡಿದ್ದೇನು?”

“ಆಯಮ್ಮ ಕಲ್ಲು ಆಯ್ತಿದ್ದದ್ದು ಕಂಡೆ. ಇದನ್ನ ಈಗ ಕಂಡೆ ಧಣಿ.”

ಧಣಿಗಳು ಕಾಗದವನ್ನು ನಾಲ್ಕು ಚೂರು ಮಾಡಿದರು. “ಏಳಮ್ಮ, ನಿನ್ನ ಯಾರೂ ಕಳ್ಳಿ ಅಂದಿಲ್ಲ. ಅಂದೋರು ನನ್ ಮುಂದೆ ಬರ್ಲಿ. ಹೋಗು, ಆ ರಾಶಿ ತಾವ ಕೂತ್ಕೊಂಡು ನಿನ್ ಕೆಲ್ಸ ನೋಡು.”

ಪೆದ್ದಮ್ಮ ಎದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಅಲ್ಲಿಂದ ಕದಲಲಿಲ್ಲ.

“ಕೂತ್ಕೊಳಲ್ಲ ಸಾಮೀ.”

“ಯಾಕಮ್ಮಾ?”

“ಅಂತಾ ಎಂಗಿಲಿ! ಎಂಜಲು ಸಾಮೀ, ರಾಶಿಯೆಲ್ಲಾ ಎಂಜಲು! ಆಯಪ್ಪ ಬಾಯಿಂದ ತೆಗ್ದು ತೆಗ್ದು ಹಾಕಿದ್ದು ನೀವೇ ನೋಡುದ್ರಲ್ಲ!”